ಅಕ್ಕೋರು ತಿದ್ದಿದ ಪ್ರೋಗ್ರಾಮುಗಳು

ನಮ್ಮ ಕಾಲೇಜಿನಲ್ಲಿ ಅವರನ್ನು ಯಾರೂ ಮೇಡಂ ಎಂದು ಕರೆಯುತ್ತಿರಲಿಲ್ಲ. ಪಾಠ ಹೇಳಲು ಬಂದ ನಾವೆಲ್ಲ ಮೇಡಂಗಳು, ಅವರೊಬ್ಬರು ಮಾತ್ರ ಅಕ್ಕೋರು. ಹಳ್ಳಿಯ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಕಾರವಾರದ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಮೊದಲ ಸಲ ಕಾಲಿಟ್ಟ ಅಂಕೋಲೆ ಕಡೆಯ ಮಕ್ಕಳಲ್ಲಿ ಯಾರೋ ಗಾಬರಿಯಲ್ಲಿ ‘ಅಕ್ಕೋರೇ’ ಅಂದಿರಬೇಕು, ಅದೇ ನಿಂತಿತು. ಹೋದ ತಿಂಗಳು ಅವರು ತೀರಿಕೊಂಡಾಗ ನನಗೆ ಬಂದ ಫೋನಿನಲ್ಲೂ ಹೆಸರಿರಲಿಲ್ಲ. “ಲ್ಯಾಬಿನ ಅಕ್ಕೋರು ಹೋದ್ರು ಮೇಡಂ” ಎಂದಷ್ಟೇ ಹೇಳಿದರು. ಇಲ್ಲಿಯೂ ನಾನು ಹೆಸರು ಬರೆಯುವುದಿಲ್ಲ. ಆದರೆ ಅವರ ಬಗ್ಗೆ ಬರೆಯಬೇಕೆಂದರೆ ನನಗೆ ಶೋಭೆ ತರದ ಒಂದು ಸಂಗತಿಯನ್ನೂ ಬರೆಯಬೇಕಾಗುತ್ತದೆ.

ಅವರು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದರು. ಅದಕ್ಕೆ ಮೊದಲು ಊರಿನ ಟೈಪಿಂಗ್ ಕ್ಲಾಸೊಂದರಲ್ಲಿ ಹದಿನಾಲ್ಕು ವರ್ಷ ಕಲಿಸಿದ್ದರು. ಟೈಪ್‌ರೈಟರುಗಳ ಕಾಲ ಮುಗಿದಾಗ ಕಂಪ್ಯೂಟರ್ ಕಲಿತು ಈ ಕಡೆ ಬಂದರು. ಬೆನ್ನು ನೆಟ್ಟಗೆ ಮಾಡಿ ಕೂತು, ಕೀಲಿಗಳ ಕಡೆ ಒಮ್ಮೆಯೂ ನೋಡದೆ ಹತ್ತೂ ಬೆರಳಲ್ಲಿ ಹೊಡೆಯುತ್ತಿದ್ದರು. ಹೊಡೆಯುತ್ತಲೇ ಪಕ್ಕದ ಹುಡುಗನನ್ನು ಗದರಿಸುವುದೂ ನಡೆದಿರುತ್ತಿತ್ತು. ಮನೆಯಲ್ಲಿ ಕೊಂಕಣಿ, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಯಾರಾದರೂ “ಅಕ್ಕೋರೇ, ಎರರ್ ಬಂತು” ಎಂದು ಕೂಗಿದರೆ ಎದ್ದು ಹೋಗಿ ಅವರ ಬೆನ್ನ ಹಿಂದೆ ನಿಲ್ಲುವರು.

“ಎಂತಾ ಹೇಳ್ತದೆ ಅದು?”

“ಇಂಗ್ಲಿಷಲ್ಲಿ ಅದೆ ಅಕ್ಕೋರೆ.”

“ಇಂಗ್ಲಿಷಲ್ಲಿ ಇದ್ರೆ ಓದೂಕೆ ಆಗೂದಿಲ್ವಾ? ಓದು. ಅದು ಬಯ್ಯೂದಿಲ್ಲ, ನಾ ಬಯ್ತೆ.”

ಓದಿಸಿಯೇ ಬಿಡುವರು. ತಪ್ಪು ಯಾವುದೆಂದು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಯಾವ ಕಾಗದಕ್ಕೂ ಓದದೆ ಸಹಿ ಹಾಕುತ್ತಿರಲಿಲ್ಲ. ಹಾಜರಿ ಪುಸ್ತಕದ ಮೇಲೂ ಒಮ್ಮೆ ಕಣ್ಣಾಡಿಸಿಯೇ ಪೆನ್ನು ಹಿಡಿಯುವರು. ಆಫೀಸಿನವರು ನಗುತ್ತಿದ್ದರು. ಒಮ್ಮೆ ನಾನೂ ನಕ್ಕಾಗ ಕಾರಣ ಹೇಳಿದರು. ಅವರ ತವರು ಚೆಂಡಿಯಾ. ಅಲ್ಲಿಯ ಜಾಗ ನೌಕಾನೆಲೆಗೆ ಹೋದಾಗ ಪರಿಹಾರಕ್ಕೆಂದು ಹಿತ್ತಲಿನ ಮರಗಳ ಪಟ್ಟಿ ಮಾಡಿ ಅಪ್ಪನ ಕೈಗೆ ಕೊಟ್ಟಿದ್ದರಂತೆ. ಅಪ್ಪ ಓದದೆ ಸಹಿ ಹಾಕಿದ. ಬಾವಿಯ ಆಚೆಗಿನ ತೆಂಗಿನ ಮರಗಳು ಅದರಲ್ಲಿ ಇರಲೇ ಇಲ್ಲ. “ಬರ್ದವ ಮರ್ತಿದ್ದ, ಅದು ಹೋಗ್ಲಿ. ಓದ್ಬೇಕಾದವ್ನಿಗೆ ಎಂತಾ ಆಗಿತ್ತು?” ಎಂದಿದ್ದರು. ಅಪ್ಪನ ಮೇಲಿನ ಸಿಟ್ಟು ಅಷ್ಟು ವರ್ಷದ ಮೇಲೂ ಆರಿರಲಿಲ್ಲ.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಪ್ರತಿ ವರ್ಷ ಜುಲೈ ಬಂತೆಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ. ನನ್ನ ಹತ್ತಿರ ಸ್ನಾತಕೋತ್ತರ ಪದವಿ ಇತ್ತು, ಅವರ ಹತ್ತಿರ ಟೈಪಿಂಗ್ ಸೀನಿಯರ್ ಪರೀಕ್ಷೆಯ ಸರ್ಟಿಫಿಕೇಟು. ಹೀಗಾಗಿ ಕಾಗದದ ಮೇಲೆ ನಾನು ಅವರಿಗಿಂತ ಮೇಲಿನವಳು.

ಆ ವರ್ಷ ಮಾರ್ಚ್ ಕೊನೆಯ ಸಣ್ಣ ರಜೆಯಲ್ಲಿ ಲ್ಯಾಬಿನ ಹಳೆಯ ಯಂತ್ರಗಳನ್ನೆಲ್ಲ ತೆಗೆದು ಹೊಸವನ್ನು ತಂದಿಟ್ಟರು. ಯಂತ್ರಗಳ ಜೊತೆ ಕಂಪೈಲರೂ ಬದಲಾಯಿತು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಸಾಧನ ಅದು. ಅಲ್ಲಿಯವರೆಗೆ ನಮ್ಮ ಮಕ್ಕಳು ಕಲಿತದ್ದೆಲ್ಲ ನೀಲಿ ಪರದೆಯ ಹಳೆಯ ಕಂಪೈಲರಿನಲ್ಲಿ. ಪಠ್ಯಕ್ಕೆ ಇಟ್ಟಿದ್ದ ಪುಸ್ತಕವೂ ಅದನ್ನೇ ನಂಬಿ ಬರೆದದ್ದು. ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ನಲವತ್ತೆರಡು ಪ್ರೋಗ್ರಾಮುಗಳೂ ಆ ಪುಸ್ತಕದವೇ. ಮೊದಲನೆಯ ದಿನ ಮಕ್ಕಳು ಪುಸ್ತಕ ನೋಡಿ ಹೊಡೆದರು. ಒಂದೂ ಹೊರಡಲಿಲ್ಲ. ಪರದೆ ಒರೆಸುವ ಸಾಲು ಹೊಸ ಕಂಪೈಲರಿಗೆ ಗೊತ್ತಿಲ್ಲ. ಒಂದು ಕೀಲಿ ಒತ್ತುವವರೆಗೆ ಕಾಯಿಸುವ ಸಾಲೂ ಗೊತ್ತಿಲ್ಲ. ಚಿತ್ರ ಬಿಡಿಸುವ ಪ್ರೋಗ್ರಾಮುಗಳಂತೂ ಮೊದಲ ಸಾಲಿನಲ್ಲೇ ಬಿದ್ದವು.

ನಮ್ಮ ವಿಭಾಗದ ಮುಖ್ಯಸ್ಥರು ಹಳೆಯದನ್ನೇ ಮತ್ತೆ ಹಾಕಿಸಲು ಪ್ರಯತ್ನಿಸಿದರು, ಆಗಲಿಲ್ಲ. ಪರೀಕ್ಷೆಗೆ ಐದು ವಾರ ಉಳಿದಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅಕ್ಕೋರು ಬಾಗಿಲಲ್ಲಿ ನಿಂತು, “ಪುಸ್ತಕದ್ದು ಒಂದೊಂದೇ ತೆಗ್ದು ಈ ಮಶೀನಿಗೆ ಹೊಂದಿಸ್ತೆ ಸರ್. ಹಾಳೆ ಮೇಲೆ ಬರ್ದು ಮಕ್ಕಳಿಗೆ ಝೆರಾಕ್ಸ್ ಕೊಡೂದು” ಎಂದರು. ಮುಖ್ಯಸ್ಥರು ಒಂದು ಕರಾರು ಹಾಕಿದರು. ಪ್ರತಿ ಹಾಳೆಯನ್ನೂ ನಾನು ನೋಡಿ ಹಿಂಬದಿಗೆ ಸಹಿ ಮಾಡಬೇಕು.

ಆ ಐದು ವಾರ ಅವರು ಕೆಲಸ ಮಾಡಿದ ರೀತಿ ಈಗಲೂ ಕಣ್ಣ ಮುಂದಿದೆ. ಎಡಕ್ಕೆ ಪುಸ್ತಕ, ಬಲಕ್ಕೆ ಗೆರೆ ಹಾಕಿದ ಹಾಳೆ. ಪುಸ್ತಕದಲ್ಲಿದ್ದಂತೆಯೇ ಮೊದಲು ಹೊಡೆಯುವರು. ಬಂದ ತಪ್ಪುಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಳ್ಳುವರು. ಆಮೇಲೆ ಒಂದೇ ಒಂದು ಸಾಲು ತಿದ್ದಿ ಮತ್ತೆ ಓಡಿಸುವರು, ಮತ್ತೊಂದು ತಿದ್ದಿ ಮತ್ತೆ ಓಡಿಸುವರು. “ಎಲ್ಲಾ ಒಟ್ಟಿಗೇ ತಿದ್ದಿದ್ರೆ ಬೇಗ ಆಗ್ತದಲ್ಲ” ಎಂದು ನಾನು ಹೇಳಿದ್ದಕ್ಕೆ, “ಬೇಗ ಆಗ್ತದೆ ತಂಗಿ. ಯಾವ್ದ್ರಿಂದ ಸರಿ ಆಯ್ತು ಅಂತ ಮಾತ್ರ ಗೊತ್ತಾಗೂದಿಲ್ಲ” ಎಂದರು. ಕೆಲವು ಪ್ರೋಗ್ರಾಮುಗಳಿಗೆ ಹೊಸ ಯಂತ್ರದಲ್ಲಿ ಉತ್ತರವೇ ಬೇರೆ ಬರುತ್ತಿತ್ತು. ಪೂರ್ಣಾಂಕವೊಂದು ಎಷ್ಟು ಜಾಗ ಹಿಡಿಯುತ್ತದೆ ಎಂದರೆ ಪುಸ್ತಕ ಎರಡು ಬೈಟು ಎನ್ನುತ್ತಿತ್ತು, ಯಂತ್ರ ನಾಲ್ಕು ಎನ್ನುತ್ತಿತ್ತು. ಮಕ್ಕಳು ಯಂತ್ರವೇ ಕೆಟ್ಟಿದೆ ಎಂದುಕೊಂಡರು. ಅಕ್ಕೋರು ಅಂಥ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ, ‘ಪುಸ್ತಕದ ಉತ್ತರ ಹಳೆಯ ಕಂಪೈಲರಿನದು. ಇಲ್ಲಿ ಬರುವುದೇ ಇಲ್ಲಿಗೆ ಸರಿ’ ಎಂದು ಬರೆದರು.

ಕೊನೆಯ ವಾರ ಮೂವತ್ತೊಂದನೆಯ ಪ್ರೋಗ್ರಾಂ ಬಂತು. ಅಂಕಪಟ್ಟಿ ಮಾಡುವುದು. ಮೊದಲು ರೋಲ್ ನಂಬರ್ ಕೇಳಬೇಕು, ಆಮೇಲೆ ಹೆಸರು, ಆಮೇಲೆ ಅಂಕಗಳು. ಆ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಕರೆಂಟ್ ಇರಲಿಲ್ಲ. ಅಕ್ಕೋರು ಯಂತ್ರದ ನೆರವಿಲ್ಲದೆ ಕೈಯಲ್ಲೇ ತಿದ್ದಿ ಬರೆದರು. ಅಷ್ಟರಲ್ಲಿ ಪರೀಕ್ಷೆಯ ಅರ್ಜಿಗಳನ್ನು ಟೈಪ್ ಮಾಡಲು ಆಫೀಸಿನಿಂದ ಕರೆ ಬಂತು. ಹೋಗುವಾಗ ಹಾಳೆಯನ್ನು ನನ್ನ ಕೈಗೆ ಕೊಟ್ಟು, “ಕರೆಂಟ್ ಬಂದ ಮೇಲೆ ಓಡ್ಸಿ ನೋಡಿ ಸಹಿ ಮಾಡು ತಂಗಿ. ನಂಗೆ ಇವತ್ತು ಈ ಕಡೆ ಬರೂಕೆ ಆಗೂದಿಲ್ಲ” ಎಂದರು.

ಕರೆಂಟ್ ಬಂದಾಗ ಐದು ಗಂಟೆ ದಾಟಿತ್ತು. ನನ್ನ ಬಸ್ಸು ಐದೂವರೆಗೆ. ಹಾಳೆ ನೋಡಿ ಹೊಡೆದೆ, ಕಂಪೈಲ್ ಮಾಡಿದೆ. ಒಂದೂ ತಪ್ಪು ತೋರಿಸಲಿಲ್ಲ. ಆದರೆ ಓಡಿಸಿ, ಉತ್ತರ ಸರಿ ಬರುತ್ತದೋ ಎಂದು ನೋಡಲಿಲ್ಲ. ಹಿಂಬದಿಗೆ ‘ಸರಿ ಇದೆ’ ಎಂದು ಬರೆದು ಸಹಿ ಹಾಕಿ, ಹಾಳೆಯನ್ನು ಅವರ ಫೈಲಿನಲ್ಲಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಮಾರನೆಯ ದಿನ ಅದು ಝೆರಾಕ್ಸ್ ಆಗಿ ಎಲ್ಲರ ಕೈ ಸೇರಿತು. ಕೊನೆಯ ವಾರದ ಹಾಳೆಗಳನ್ನು ಲ್ಯಾಬಿನಲ್ಲಿ ಓಡಿಸಿ ನೋಡಲು ಮಕ್ಕಳಿಗೆ ಸಮಯವಿರಲಿಲ್ಲ, ಬಾಯಿಪಾಠ ಮಾಡಿಕೊಂಡರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಬಿಗಿ ಮುಖದವರು. ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ನಮ್ಮ ಹಾಳೆಗಳ ಕಟ್ಟು ಅವರ ಕಣ್ಣಿಗೆ ಬಿದ್ದು ಮೊದಲೇ ಮುಖ ಸಿಂಡರಿಸಿದ್ದರು. “ಪುಸ್ತಕ ಬಿಟ್ಟು ನಿಮ್ಮದೇ ಒಂದು ಪುಸ್ತಕ ಬರೆದುಕೊಂಡಿದ್ದೀರಾ?” ಎಂದು ಮುಖ್ಯಸ್ಥರನ್ನು ಕೇಳಿದರು. ಮುಖ್ಯಸ್ಥರು ನಕ್ಕು ತೇಲಿಸಿದರು. ಅಕ್ಕೋರು ಬಾಗಿಲ ಬಳಿ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಪರೀಕ್ಷೆ ನಡೆಯುವಾಗ ಲ್ಯಾಬಿನ ಸಿಬ್ಬಂದಿ ಮಾತಾಡುವಂತಿಲ್ಲ.

ಮಕ್ಕಳು ಚೀಟಿ ಎತ್ತಿದರು. ಮೊದಲ ತಂಡದಲ್ಲಿ ಮೂವರಿಗೆ ಮೂವತ್ತೊಂದು ಬಂತು. ಅವರಲ್ಲೊಬ್ಬಳು ನಾಗವೇಣಿ, ಅಗಸೂರಿನಿಂದ ಬರುವ ಹುಡುಗಿ. ಅವಳ ಮನೆಯವರು ಗದ್ದೆ ಕೆಲಸ ಮಾಡಿಕೊಂಡು ಇದ್ದವರು. ಮಾತು ಕಡಿಮೆ, ಆದರೆ ಹಾಳೆಗಳನ್ನು ಒಂದು ಚುಕ್ಕಿ ಬಿಡದೆ ಕಲಿತವಳು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿ ಕೈ ಎತ್ತಿದಳು. ಪರೀಕ್ಷಕರು ಹೋಗಿ ನಿಂತರು.

ಅವಳು ಓಡಿಸಿದಳು. ರೋಲ್ ನಂಬರ್ ಕೇಳಿತು, ಕೊಟ್ಟಳು. ಹೆಸರು ಕೇಳಿತು. ಅವಳು ಕೀಲಿಗೆ ಬೆರಳು ಇಡುವ ಮೊದಲೇ ಅಂಕ ಕೇಳಿತು.

“ಹೆಸರೆಲ್ಲಿ?” ಎಂದರು ಪರೀಕ್ಷಕರು.

ನಾಗವೇಣಿ ಮತ್ತೆ ಓಡಿಸಿದಳು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಓಡಿಸುವ ಮೊದಲು ಪ್ರತಿ ಸಾಲನ್ನೂ ಮೇಲಿನಿಂದ ಓದಿಕೊಂಡಳು. ಪರೀಕ್ಷಕರು ಅದೇ ಚೀಟಿ ಬಂದ ಉಳಿದಿಬ್ಬರ ಹತ್ತಿರ ಹೋದರು. ಅಲ್ಲಿಯೂ ಹೆಸರಿನ ಜಾಗ ಖಾಲಿ. ಮೂರೂ ಪರದೆಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಿದರು.

“ಮೂವರದ್ದೂ ಒಂದೇ ತಪ್ಪು, ಒಂದೇ ಜಾಗದಲ್ಲಿ. ಅಕ್ಷರ ಅಕ್ಷರ ಒಂದೇ. ಇದು ನಕಲು. ನಾನು ರಿಪೋರ್ಟ್ ಬರೆಯುತ್ತೇನೆ.”

ನಕಲಿನ ರಿಪೋರ್ಟ್ ಹೋಯಿತೆಂದರೆ ಆ ವರ್ಷವೇ ಹೋದಂತೆ. ನಾಗವೇಣಿ ಎದ್ದು ನಿಂತಳು. “ಇಲ್ಲಾ ಸರ್, ನಾ ಯಾರ್ದೂ ನೋಡ್ಲಿಲ್ಲ ಸರ್” ಎಂದಳು. ಮುಖ್ಯಸ್ಥರು ನೆಲ ನೋಡುತ್ತಿದ್ದರು. ನನಗೆ ಅಷ್ಟರಲ್ಲಿ ಎಲ್ಲ ಹೊಳೆದಿತ್ತು. ಐದೂವರೆಯ ಬಸ್ಸು, ನಾನು ಓಡಿಸದೆ ಬಿಟ್ಟ ಪ್ರೋಗ್ರಾಂ, ಹಿಂಬದಿಯ ಸಹಿ. ಹಿಂಬದಿಯಾದ್ದರಿಂದ ಝೆರಾಕ್ಸಿನಲ್ಲಿ ಅದು ಇರಲಿಲ್ಲ. ಮೂಲ ಹಾಳೆ ಅಕ್ಕೋರ ಫೈಲಿನಲ್ಲಿತ್ತು, ಫೈಲು ಅವರ ತೊಡೆಯ ಮೇಲಿತ್ತು. ಜುಲೈ ಹತ್ತಿರ ಬಂದಿತ್ತು. ನಾನು ಸುಮ್ಮನಿದ್ದೆ.

ಅಕ್ಕೋರು ಎದ್ದರು. “ಸರ್, ನಕಲಲ್ಲ ಅದು. ನಾ ಕೊಟ್ಟ ಹಾಳೆಯೇ ತಪ್ಪು. ಮಕ್ಕಳು ಅದನ್ನ ಸರಿಯಾಗಿ ಕಲ್ತಿದ್ದಾರೆ, ಅದ್ಕೇ ಮೂವರದ್ದೂ ಒಂದೇ ನಮೂನಿ ಅದೆ.”

“ನೀವು ಯಾರು?”

“ಲ್ಯಾಬಿನವಳು.”

“ಹಾಳೆ ಬರೆದವರು ಯಾರು?”

“ನಾನೇ.”

“ನಿಮ್ಮ ಡಿಗ್ರಿ?”

“ಟೈಪಿಂಗ್ ಸೀನಿಯರ್, ಸರ್.”

ಪರೀಕ್ಷಕರು ಮುಖ್ಯಸ್ಥರ ಕಡೆ ತಿರುಗಿದರು. ಮುಖ್ಯಸ್ಥರು, “ನೀವು ಕೂತ್ಕೊಳ್ಳಿ, ನಾವು ನೋಡ್ತೇವೆ” ಎಂದು ಅಕ್ಕೋರಿಗೆ ಕಣ್ಣು ಬಿಟ್ಟರು. ಅವರು ಕೂರಲಿಲ್ಲ.

“ಸರ್, ಐದು ನಿಮಿಷ ಕೊಡಿ. ಪುಸ್ತಕದ್ದನ್ನೇ ಹೊಡೆದು ತೋರಿಸ್ತೆ. ಅದೂ ಹೀಂಗೇ ಆದ್ರೆ ಮಕ್ಕಳದ್ದು ನಕಲಲ್ಲ ಅಂತ ಆಯ್ತಲ್ಲ?”

ಪರೀಕ್ಷಕರು ಗಡಿಯಾರ ನೋಡಿಕೊಂಡರು. “ಐದು ನಿಮಿಷ” ಎಂದರು.

ಅಕ್ಕೋರು ಖಾಲಿ ಯಂತ್ರದ ಮುಂದೆ ಕೂತರು. ಪರೀಕ್ಷಕರ ಪುಸ್ತಕವನ್ನೇ ಕೇಳಿ ತೆಗೆದುಕೊಂಡು ಪಕ್ಕಕ್ಕೆ ಬಿಡಿಸಿಟ್ಟರು. ಇಡೀ ಲ್ಯಾಬಿನಲ್ಲಿ ಅವರ ಕೀಲಿಗಳ ಸದ್ದೊಂದೇ. ಹೊಸ ಕಂಪೈಲರಿಗೆ ಗೊತ್ತಿಲ್ಲದ ಸಾಲುಗಳನ್ನಷ್ಟೇ ತೆಗೆದು ಓಡಿಸಿದರು. ನಂಬರ್ ಕೇಳಿತು. ಹೆಸರಿನ ಹತ್ತಿರ ನಿಲ್ಲದೆ ಅಂಕಕ್ಕೆ ಹಾರಿತು. ಪರೀಕ್ಷಕರು ಬಗ್ಗಿ ನೋಡಿದರು. ಪುಸ್ತಕದ ಪ್ರೋಗ್ರಾಮೂ ಹೆಸರು ಕೇಳಲು ನಿಲ್ಲಲಿಲ್ಲ.

“ಯಾಕೆ?” ಎಂದರು. ಆ ‘ಯಾಕೆ’ಯಲ್ಲಿ ಮೊದಲಿನ ಗಡಸು ಇರಲಿಲ್ಲ.

ಅಕ್ಕೋರಿಗೂ ಆ ಕ್ಷಣಕ್ಕೆ ಗೊತ್ತಿರಲಿಲ್ಲ. ಪರದೆಯನ್ನು ನೋಡುತ್ತ ಕೂತರು. ಒಂದು ನಿಮಿಷ ಹೋಯಿತು, ಎರಡಾಯಿತು. ಆಮೇಲೆ ಬೆರಳನ್ನು ಪರದೆಯ ಒಂದು ಸಾಲಿನ ಮೇಲಿಟ್ಟು ನಿಧಾನವಾಗಿ ಹೇಳತೊಡಗಿದರು. ನಂಬರ್ ಹೊಡೆದ ಮೇಲೆ ಎಂಟರ್ ಒತ್ತುತ್ತೇವೆ. ಆ ಎಂಟರ್ ಒಳಗೇ ಉಳಿದಿರುತ್ತದೆ. ಅದನ್ನು ಚೆಲ್ಲಲು ಪುಸ್ತಕದವರು ಒಂದು ಸಾಲು ಹಾಕಿದ್ದಾರೆ. ಹಳೆಯ ಕಂಪೈಲರಿನಲ್ಲಿ ಅದು ಚೆಲ್ಲುತ್ತಿತ್ತು. ಹೊಸದು ಆ ಸಾಲಿಗೆ ತಪ್ಪು ಎನ್ನುವುದಿಲ್ಲ, ಆದರೆ ಚೆಲ್ಲುವುದೂ ಇಲ್ಲ. ಹೀಗಾಗಿ ಉಳಿದ ಎಂಟರನ್ನೇ ಹೆಸರೆಂದು ತಿಳಿದು ಮುಂದೆ ಹೋಗುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಆ ಸಾಲು ಅಳಿಸಿ, ಒಳಗೆ ಉಳಿದ ಅಕ್ಷರಗಳನ್ನು ಒಂದೊಂದಾಗಿ ಓದಿ ಬಿಸಾಡುವ ಹೊಸ ಸಾಲು ಬರೆದಿದ್ದರು. ಓಡಿಸಿದರು. ಹೆಸರಿನ ಹತ್ತಿರ ಬಂದು ನಿಂತಿತು. ಅಕ್ಕೋರು ‘ನಾಗವೇಣಿ’ ಎಂದು ಹೊಡೆದರು.

ಪರೀಕ್ಷಕರು ನಕಲಿನ ಮಾತು ಬಿಟ್ಟರು. ಮೂವರಿಗೂ ಬೇರೆ ಚೀಟಿ ಕೊಟ್ಟರು. ನಾಗವೇಣಿ ಕಣ್ಣೊರೆಸಿಕೊಂಡು ಕೂತು ಎರಡನೆಯದನ್ನು ಸರಿಯಾಗಿ ಮಾಡಿದಳು. ಮೂವರೂ ಪಾಸಾದರು. ಆದರೆ ಪರೀಕ್ಷಕರು ಇನ್ನೊಂದು ರಿಪೋರ್ಟ್ ಬರೆದೇ ಹೋದರು. ಅರ್ಹತೆ ಇಲ್ಲದವರು ಬರೆದ ಹಾಳೆಗಳನ್ನು ಮಕ್ಕಳಿಗೆ ಹಂಚಲಾಗಿದೆ ಎಂದು.

ಸಂಜೆ ಲ್ಯಾಬಿಗೆ ಬೀಗ ಹಾಕುವಾಗ ನಾನು ಅವರ ಹತ್ತಿರ ಹೋಗಿ ನಿಂತೆ. ಅವರು ನನ್ನ ಮುಖ ನೋಡದೆ, “ಬಸ್ಸು ತಪ್ತದೆ, ಹೋಗು” ಎಂದರು. ನಾನು ಹೋದೆ.

ಮರುವಾರ ಅವರಿಗೆ ಮೆಮೊ ಬಂತು. ಲ್ಯಾಬಿನಿಂದ ತೆಗೆದು ಆಫೀಸಿನ ಟೈಪಿಂಗ್ ಟೇಬಲಿಗೆ ಹಾಕಿದರು. ಮೂಲ ಹಾಳೆಗಳ ಫೈಲು ಅವರ ಹತ್ತಿರವೇ ಇತ್ತು. ಯಾರಿಗಾದರೂ ಅದನ್ನು ತಿರುವಿ ತೋರಿಸಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಆಫೀಸಿನ ಕಿಟಕಿ ದಾಟುವಾಗ ಅವರ ಬೆನ್ನು ಕಾಣುತ್ತಿತ್ತು, ನಾನು ಹೆಜ್ಜೆ ಬೇಗ ಹಾಕುತ್ತಿದ್ದೆ. ಮೂರು ವಾರ ಹೀಗೇ ಕಳೆಯಿತು. ಒಂದು ಭಾನುವಾರ ಅಮ್ಮನಿಗೂ ಹೇಳದೆ ಬಸ್ಸು ಹತ್ತಿ ಶಿರವಾಡದ ಅವರ ಮನೆಗೆ ಹೋದೆ.

ಹಿತ್ತಲಲ್ಲಿ ಕೂತು ಮೀನು ಶುಚಿ ಮಾಡುತ್ತಿದ್ದರು. ನನ್ನನ್ನು ಕಂಡು ಕೈ ತೊಳೆದುಕೊಳ್ಳಲೂ ಏಳಲಿಲ್ಲ.

“ಬಾ ಗೋ ತಂಗಿ. ಕೂತ್ಕೊ.”

ನಿಂತೇ ಹೇಳಿದೆ. ಓಡಿಸದೆ ಸಹಿ ಹಾಕಿದ್ದು, ಪರೀಕ್ಷೆಯ ದಿನ ಗೊತ್ತಿದ್ದೂ ಸುಮ್ಮನಿದ್ದದ್ದು. ಅವರು ಮೀನಿನ ಕಿವಿರು ಕೀಳುತ್ತ ಕೇಳಿದರು.

“ಗೊತ್ತದೆ. ಫೈಲ್ ನನ್ನ ಹತ್ರವೇ ಇತ್ತಲ್ಲ.”

“ಮತ್ತೆ ಎಂತಕೆ ಹೇಳ್ಲಿಲ್ಲ ಅಕ್ಕೋರೆ?”

“ಅವ್ರು ಬರ್ದವ್ರು ಯಾರು ಅಂತ ಕೇಳಿದ್ರು. ಬರ್ದದ್ದು ನಾನು. ನಿನ್ನ ಸಹಿ ಇದ್ರೂ ಝೆರಾಕ್ಸ್ ಮಾಡೂಕಿಂತ ಮೊದ್ಲು ನಾ ಒಂದ್ಸಲ ಓಡಿಸ್ಬೇಕಿತ್ತು, ಓಡಿಸ್ಲಿಲ್ಲ. ಅದು ನನ್ನ ತಪ್ಪೇ ಅಲ್ದಾ? ನಿಂಗಾಗಿ ಎಂತಾ ತ್ಯಾಗ ಮಾಡ್ಲಿಲ್ಲ ನಾನು, ಹಾಂಗೆ ತಿಳ್ಕಬೇಡ.”

ನನಗೆ ಅಳು ಬಂತು. ಕ್ಷಮಿಸಿ ಎಂದೆ. ಅವರು ಚೂರಿ ಕೆಳಗಿಟ್ಟರು.

“ನನ್ನ ಹತ್ರ ಅತ್ರೆ ಎಂತಾ ಆಗ್ತದೆ? ನಿನ್ನ ತಪ್ಪು ನೀ ಹೇಳ್ಬೇಕಾದ ಜಾಗ ಈ ಹಿತ್ಲಲ್ಲ. ಹೇಳ್ತಿಯೋ ಬಿಡ್ತಿಯೋ ನಿನ್ನ ಖುಷಿ. ಬಿಟ್ರೆ ನಂಗೆ ಸಿಟ್ಟು ಬತ್ತದೆ, ಅಷ್ಟೆ. ಈಗ ಕೈಕಾಲು ತೊಳ್ಕಂಡು ಬಾ, ಊಟ ಮಾಡ್ಕಂಡು ಹೋಗು.”

ಪರವಾಗಿಲ್ಲ ಎನ್ನುತ್ತಾರೆ ಎಂದುಕೊಂಡು ಹೋಗಿದ್ದೆ. ಅವರು ಹಾಗೆನ್ನಲಿಲ್ಲ. ಊಟ ಮಾಡಿಕೊಂಡು ಬಂದೆ. ಸೋಮವಾರ ಪ್ರಾಂಶುಪಾಲರ ಕೋಣೆಗೆ ಹೋಗಿ, ನಡೆದದ್ದನ್ನೆಲ್ಲ ಬರೆದ ಪತ್ರವನ್ನು ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, “ಇದನ್ನು ಈಗ ತಂದು ಕೊಡ್ತೀರಲ್ಲ” ಎಂದರು. ಆ ಜುಲೈಯಲ್ಲಿ ನನಗೆ ಕರೆ ಬರಲಿಲ್ಲ. ಅಕ್ಕೋರನ್ನು ಮತ್ತೆ ಲ್ಯಾಬಿಗೆ ಹಾಕಲು ಇನ್ನೂ ಒಂದು ವರ್ಷ ಹಿಡಿಯಿತು. ಅದಕ್ಕೆ ನನ್ನ ಪತ್ರವೇ ಕಾರಣವೋ, ಬೇರೆ ಯಾರೂ ಸಿಗದೆ ಕರೆದರೋ ತಿಳಿಯದು. ನಿವೃತ್ತಿಯಾಗುವವರೆಗೂ ಅಲ್ಲಿಯೇ ಇದ್ದರು.

ಒಂದು ವರ್ಷ ಮನೆಯಲ್ಲಿ ಕೂತು, ಆಮೇಲೆ ನಾನು ಅಂಕೋಲೆಯ ಒಂದು ಕಾಲೇಜಿಗೆ ಸೇರಿದೆ. ಅಲ್ಲಿಯೂ ಅದೇ ಹಳೆಯ ಪುಸ್ತಕ, ಕಂಪೈಲರು ಮಾತ್ರ ಮತ್ತೊಂದು. ಅಕ್ಕೋರು ನಿವೃತ್ತರಾದ ಮೇಲೆ, ನಮ್ಮ ಲ್ಯಾಬಿಗೆ ಒಂದು ಬೆಳಿಗ್ಗೆ ಬಂದು ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡುವಿರಾ ಎಂದು ಕೇಳಿದೆ. ಬಂದರು. ಪುಸ್ತಕದ ಎರಡು ಪ್ರೋಗ್ರಾಮುಗಳನ್ನು ಮಕ್ಕಳಿಂದಲೇ ತಿದ್ದಿಸಿದರು. ಆಮೇಲೆ ಮೂವತ್ತೊಂದನೆಯದನ್ನು ತೆಗೆದು, ಆ ಪರೀಕ್ಷೆಯ ದಿನದ ಕತೆಯನ್ನೆಲ್ಲ ಹೇಳಿದರು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಬೆನ್ನು ಗೋಡೆಗೆ ಒತ್ತಿ ನಿಂತೆ. ತಮ್ಮ ತಪ್ಪನ್ನು ಅವರು ಒಂದಿಷ್ಟೂ ಮುಚ್ಚಿಡದೆ ಹೇಳಿದರು, ಮೆಮೊ ಬಂದದ್ದನ್ನೂ ಹೇಳಿದರು. ನನ್ನ ಹೆಸರು ಎಲ್ಲೂ ಬರಲಿಲ್ಲ.

ಮಧ್ಯದ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು. “ಆ ಹಾಳೆ ಯಾರೂ ಓಡ್ಸಿ ನೋಡ್ಲೇ ಇಲ್ವಾ?”

“ನೋಡ್ಬೇಕಾದವ್ರು ಇನ್ನೊಬ್ರು ಇದ್ರು. ನೋಡ್ದೆ ಸಹಿ ಹಾಕಿದ್ರು.”

“ಯಾರು?”

“ಅದನ್ನ ನಾ ಹೇಳೂದಲ್ಲ” ಎಂದು ಅಕ್ಕೋರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕೋರು ನನ್ನ ಕಡೆ ತಿರುಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ನಾನು ಮಾತು ಬದಲಿಸಿ ಬೆಲ್ಲು ಹೊಡೆಯುವವರೆಗೆ ತಳ್ಳಬಹುದಿತ್ತು. ಕಾಲುಗಳು ತಾವಾಗಿಯೇ ಎರಡು ಹೆಜ್ಜೆ ಮುಂದೆ ಬಂದವು.

“ನಾನು” ಎಂದೆ.

ಎಲ್ಲವನ್ನೂ ಹೇಳಿದೆ. ಬಸ್ಸಿನ ಹೊತ್ತನ್ನೂ ಬಿಡಲಿಲ್ಲ. ಹೇಳಿ ಮುಗಿಸಿದರೂ ಆ ಹುಡುಗಿ ನಿಂತೇ ಇದ್ದಳು.

“ಮತ್ತೆ ಪರೀಕ್ಷೆ ದಿನ ನೀವು ಎಂತಕೆ ಸುಮ್ನಿದ್ರಿ ಮೇಡಂ?”

“ಹೆದ್ರಿಕೆ ಆಗಿತ್ತು.”

ಅಕ್ಕೋರು ಕನ್ನಡಕ ಹಾಕಿಕೊಂಡು ಎದ್ದರು.

“ಹಾಂ, ಸಾಕು” ಎಂದರು. “ಮುಂದಿನ ಪ್ರೋಗ್ರಾಂ ತೆಗೀರಿ.”